ಅವ್ವ ಓದದೆ ಬಿಟ್ಟ ಶಬ್ದ

ಹಾವಿಗೆ ಹೆದರುವವರನ್ನು ಕಂಡಿದ್ದೇನೆ, ಕತ್ತಲೆಗೆ ಹೆದರುವವರನ್ನೂ ಕಂಡಿದ್ದೇನೆ. ನಾನು ಹೆದರುವುದು ಒಂದು ಇಂಗ್ಲಿಷ್ ಶಬ್ದಕ್ಕೆ. ಹೀಗೆಂದರೆ ನನ್ನ ಜೊತೆ ಕೆಲಸ ಮಾಡುವವರು ನಗುತ್ತಾರೆ. ರಾಣೆಬೆನ್ನೂರಿನ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವಳೇ ಇಂಗ್ಲಿಷ್ ಶಬ್ದಕ್ಕೆ ಹೆದರಿದರೆ ಹೇಗೆ ಎನ್ನುತ್ತಾರೆ. ಆದರೂ ಅದು ನಿಜ. ಆ ಶಬ್ದ ನಮ್ಮ ಮನೆಗೆ ಹೇಗೆ ಬಂತು, ಈಚೆಗೆ ಬ್ಯಾಡಗಿಯಲ್ಲಿ ಒಂದು ಮಧ್ಯಾಹ್ನ ಅದು ಹೇಗೆ ನನ್ನೆದುರು ಬಂದು ನಿಂತಿತು ಎಂಬುದನ್ನು ಹೇಳುತ್ತೇನೆ.

ನಾನೂ ನನ್ನ ತಂಗಿಯೂ ಬೆಳೆದದ್ದು ಹಾವೇರಿಯಲ್ಲಿ. ಅವ್ವ ಅಲ್ಲಿನ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಟೀಚರ್ ಆಗಿದ್ದಳು. ಒಮ್ಮೆ ಶಾಲೆಯವರು ಹಳೆಯ ಪುಸ್ತಕಗಳನ್ನೆಲ್ಲ ರದ್ದಿಗೆ ಹಾಕಲು ಹೊರಟಾಗ ಅವ್ವ ಒಂದು ದಪ್ಪ ನಿಘಂಟನ್ನು ಕೇಳಿ ಪಡೆದು ಆಟೋದಲ್ಲಿ ಮನೆಗೆ ತಂದಳು. ಅದರ ರಟ್ಟು ಕಿತ್ತುಹೋಗಿತ್ತು. ಹಾಳೆಗಳು ಒಣಗಿದ ಹಪ್ಪಳದ ಹಾಗೆ ಮುರಿಯುತ್ತಿದ್ದವು. ಇಂಗ್ಲಿಷರೇ ಬಿಟ್ಟುಬಿಟ್ಟ ಎಷ್ಟೋ ಶಬ್ದಗಳು ಅದರಲ್ಲಿದ್ದವು. ಅವ್ವನಿಗೆ ಬೇಕಾದದ್ದು ಅಂಥವೇ. ಸಂಜೆ ರೊಟ್ಟಿ ಬಡಿಯುವುದಕ್ಕೆ ಮುಂಚೆ ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ಒಂದು ಶಬ್ದ ಹುಡುಕಿ ಓದುತ್ತಿದ್ದಳು, ಅರ್ಥ ಹೇಳುತ್ತಿದ್ದಳು. ನಾವು ಅದನ್ನು ಬಳಸಿ ಒಂದು ಮಾತು ಆಡಬೇಕು. ಅಪ್ಪ ಆಗ ಟಿವಿಯ ದನಿ ತಗ್ಗಿಸುತ್ತಿದ್ದರು.

ನಮ್ಮ ‘ನಾಡಿದ್ದು’ ಎಂಬುದಕ್ಕೆ ಇಂಗ್ಲಿಷಿನಲ್ಲಿ ಒಂದೇ ಶಬ್ದ ಇಲ್ಲವೆಂದು ತಿಳಿದಿದ್ದೆವು. ಇದೆ, ಅದು ‘ಓವರ್‌ಮಾರೋ’ ಎಂದು ಗೊತ್ತಾದ ದಿನ ತಂಗಿ ಕುಣಿದಾಡಿದಳು. ಚಳಿಗಾಲದ ಬಿಸಿಲಿನ ಹಿತಕ್ಕೆ ‘ಎಪ್ರಿಸಿಟಿ’ ಎನ್ನುತ್ತಿದ್ದರಂತೆ. ಯಾರೋ ತಿನ್ನುತ್ತಿರುವಾಗ ನನ್ನನ್ನೂ ಕರೆದಾರೇನೋ ಎಂದು ಬಾಯಿ ನೋಡುತ್ತ ನಿಲ್ಲುವುದಕ್ಕೆ ‘ಗ್ರೋಕ್’. ಕಾರಣವಿಲ್ಲದೆ ಮನಸ್ಸು ಕುಗ್ಗಿದರೆ ‘ಮಬಲ್‌ಫಬಲ್ಸ್’. ಈ ಕೊನೆಯದನ್ನು ತಂಗಿ ಎಷ್ಟು ಹಚ್ಚಿಕೊಂಡಳೆಂದರೆ ಶಾಲೆಗೆ ಹೋಗಲು ಮನಸ್ಸಿಲ್ಲದ ದಿನವೆಲ್ಲ ಅವಳಿಗೆ ಮಬಲ್‌ಫಬಲ್ಸ್ ಬರುತ್ತಿತ್ತು. ಅವಳಿಗೂ ನನಗೂ ಆರು ವರ್ಷದ ಅಂತರ. ಆದರೂ ಈ ಶಬ್ದಗಳಿಂದಾಗಿ ನಾವಿಬ್ಬರೂ ಓರಗೆಯವರಂತೆ ಬೆಳೆದೆವು. ನೆಂಟರು ತುಂಬಿದ ಮನೆಯಲ್ಲಿ ಕೂತು ಯಾರಿಗೂ ತಿಳಿಯದ ಹಾಗೆ ಮಾತಾಡಿಕೊಳ್ಳುತ್ತಿದ್ದೆವು.

ಒಂದು ಸಂಜೆ ಅವ್ವ ‘ಕ್ಯೂ’ ಅಕ್ಷರದ ಹಾಳೆ ತೆರೆದಿದ್ದಳು. ಬೆರಳು ಒಂದು ಕಡೆ ನಿಂತಿತು. ಅವಳು ಮನಸ್ಸಿನಲ್ಲೇ ಓದಿದಳು, ಮತ್ತೊಮ್ಮೆ ಓದಿದಳು, ಆಮೇಲೆ ಪುಸ್ತಕ ಮುಚ್ಚಿ ಎದ್ದು ಹೋಗಿ ಒಲೆ ಹಚ್ಚಿದಳು. ಇವತ್ತಿನ ಶಬ್ದ ಯಾವುದೆಂದು ತಂಗಿ ಸೀರೆಯ ಸೆರಗು ಹಿಡಿದು ಎಳೆದರೆ ಅದನ್ನು ಬಿಡಿಸಿಕೊಂಡಳು. ನಾನು ಆಗ ಒಂಬತ್ತನೆಯ ತರಗತಿಯಲ್ಲಿದ್ದೆ. ಅವ್ವ ಹಿಟ್ಟು ನಾದುತ್ತಿರುವಾಗ ಹೋಗಿ ಆ ಹಾಳೆ ತೆಗೆದು ನೋಡಿದೆ. ‘ಕ್ವಿನ್ಸಿ’ ಎಂಬ ಶಬ್ದ. ಗಂಟಲಿನ ಒಂದು ಪಕ್ಕದಲ್ಲಿ ಕೀವು ತುಂಬಿ ಊದಿಕೊಳ್ಳುವ ರೋಗ, ಉಸಿರು ಕಟ್ಟಬಹುದು ಎಂದು ಅರ್ಥ ಬರೆದಿತ್ತು. ಶಬ್ದದ ಮೂಲವನ್ನೂ ಕೊಟ್ಟಿದ್ದರು. ಬಹಳ ಹಿಂದಿನ ಗ್ರೀಕ್ ಭಾಷೆಯಲ್ಲಿ ನಾಯಿ ಎಂಬ ಶಬ್ದಕ್ಕೆ ಕುತ್ತಿಗೆ ಹಿಸುಕುವುದು ಎಂಬ ಶಬ್ದ ಸೇರಿ ಇದಾಯಿತಂತೆ. ನಾಯಿಯ ಕೊರಳಿಗೆ ಹಗ್ಗ ಬಿಗಿದು ಎಳೆದ ಹಾಗೆ ಎಂದು ನಾನು ಕಲ್ಪಿಸಿಕೊಂಡೆ. ಇದರಲ್ಲಿ ಅವ್ವ ಎದ್ದುಹೋಗುವಂಥದು ಏನಿದೆಯೋ ತಿಳಿಯಲಿಲ್ಲ.

ಊಟವಾದ ಮೇಲೆ ಅವಳೇ ಹೇಳಿದಳು. ಅವ್ವನ ತವರು ಹಾವೇರಿ ಹತ್ತಿರದ ಕರ್ಜಗಿ. ಅವಳಿಗೊಬ್ಬ ಅಣ್ಣ ಇದ್ದನಂತೆ. ಆ ಮಾತನ್ನೇ ನಾವು ಮೊದಲ ಸಲ ಕೇಳಿದ್ದು. ಅವ್ವ ಇನ್ನೂ ಶಾಲೆಗೆ ಹೋಗದಷ್ಟು ಚಿಕ್ಕವಳಿದ್ದಾಗ ಅವನಿಗೆ ಗಂಟಲು ನೋವು ಬಂತು. ಊರವರು ಗಂಟಲಮಾರಿ ಅಂದರು. ಎತ್ತಿನ ಚಕ್ಕಡಿ ಕಟ್ಟಿ ಹಾವೇರಿಗೆ ಕರೆದುಕೊಂಡು ಹೊರಟರು. ಹಾವೇರಿ ಮುಟ್ಟುವುದರೊಳಗೆ ಹುಡುಗ ಇರಲಿಲ್ಲ.

“ಅವನ ಮುಖ ನನಗ ನೆನಪಿಲ್ಲ,” ಅಂದಳು ಅವ್ವ. “ದನಿ ಅಷ್ಟ ನೆನಪೈತಿ. ಬಾಯಾಗ ಬಿಸಿ ನುಚ್ಚು ಇಟ್ಕೊಂಡಂಗ ಮಾತಾಡ್ತಿದ್ದ. ನಾ ಅದನ್ನ ಕೇಳಿ ನಕ್ಕಿದ್ದೆ, ಆಟ ಮಾಡಾಕತ್ಯಾನ ಅಂತ ತಿಳಕೊಂಡು.”

ಅದು ಡಿಫ್ತೀರಿಯಾ ಎನ್ನುವ ಗಂಟಲಮಾರಿಯೋ ಆ ಹಾಳೆಯಲ್ಲಿದ್ದ ರೋಗವೋ ಅವ್ವನಿಗೆ ಗೊತ್ತಿರಲಿಲ್ಲ. ಆದರೆ ನಿಘಂಟಿನ ಆ ನಾಲ್ಕು ಸಾಲು ತನ್ನ ಅಣ್ಣನನ್ನೇ ನೋಡಿ ಬರೆದ ಹಾಗಿತ್ತು ಎಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಯಾರಿಗಾದರೂ ಗಂಟಲು ಕೆರೆದರೆ ಅವ್ವ ಬೆಳಕಿಗೆ ಕರೆದು ಬಾಯಿ ತೆರೆಸಿ ನೋಡುತ್ತಿದ್ದಳು. ನಾನೂ ಅದನ್ನೇ ಕಲಿತೆ. ಅವಳ ಹೆದರಿಕೆ ಹೀಗೆ ನನಗೂ ಬಂತು. ತಂಗಿಗೆ ಬರಲಿಲ್ಲ. ಅವಳು ಅಂದು ಕತೆ ಮುಗಿಯುವುದರೊಳಗೆ ನಿದ್ದೆ ಹೋಗಿದ್ದಳು.

ಮುಂದೆ ನಾನು ರಾಣೆಬೆನ್ನೂರಿನಲ್ಲಿ ನೌಕರಿ ಹಿಡಿದು ಅಲ್ಲೇ ಮನೆ ಮಾಡಿದೆ. ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನ ಜೊತೆ ಬಂದು ಇದ್ದಾಳೆ. ತಂಗಿಯನ್ನು ಬ್ಯಾಡಗಿಗೆ ಕೊಟ್ಟೆವು. ಮೆಣಸಿನಕಾಯಿ ದಲಾಲಿ ಅಂಗಡಿಯ ಮನೆತನ. ಗಂಡ ಒಳ್ಳೆಯವನು, ಮಾತು ಕಡಿಮೆ. ಅತ್ತೆ ಅದಕ್ಕೆ ತದ್ವಿರುದ್ಧ, ಇಡೀ ಓಣಿಗೆ ಕೇಳುವಂತೆ ಮಾತಾಡುವ ಹೆಂಗಸು. ಮಾವ ಇಲ್ಲದ ಮೇಲೆ ಕೆಲವು ವರ್ಷ ಅಂಗಡಿಯನ್ನು ಅವರೇ ನಡೆಸಿದ್ದರು. ತಂಗಿ ಅಂಗಡಿಯ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತಾಳೆ. ದಿನಾ ಬೆಳಿಗ್ಗೆ ನಾವು ಫೋನಿನಲ್ಲಿ ಒಂದೊಂದು ಹಳೆಯ ಶಬ್ದ ಕಳಿಸಿಕೊಳ್ಳುತ್ತಿದ್ದೆವು. ಅವಳು ಬರೆಯುತ್ತಿರಲಿಲ್ಲ, ಮಾತಾಡಿ ಕಳಿಸುತ್ತಿದ್ದಳು. ಹಿಂದೆ ಅತ್ತೆಯ ದನಿ, ಕುಕ್ಕರಿನ ಸೀಟಿ, ಯಾರದೋ ಸೀನು ಎಲ್ಲ ಕೇಳುತ್ತಿದ್ದವು.

ಫೆಬ್ರವರಿ ತಿಂಗಳು. ಬ್ಯಾಡಗಿಯಲ್ಲಿ ಆ ದಿನಗಳಲ್ಲಿ ಊರಿಗೆ ಊರೇ ಕೆಮ್ಮುತ್ತಿರುತ್ತದೆ. ಮಾರುಕಟ್ಟೆಯ ಅಂಗಳದಲ್ಲಿ, ರಸ್ತೆಯ ಎರಡೂ ಬದಿಯಲ್ಲಿ, ಲಾರಿಯ ಮೇಲೆ ಎಲ್ಲಿ ನೋಡಿದರೂ ಕೆಂಪು ಮೆಣಸಿನಕಾಯಿ ಚೀಲ. ಗಾಳಿಯಲ್ಲಿ ಘಾಟು. ತಂಗಿಗೆ ಗಂಟಲು ನೋವಿದೆ, ಸ್ವಲ್ಪ ಜ್ವರವೂ ಇದೆ ಎಂದು ವಾರದ ಮೊದಲಲ್ಲಿ ತಿಳಿಯಿತು. ಅಲ್ಲೇ ಡಾಕ್ಟರಿಗೆ ತೋರಿಸಿ ಗುಳಿಗೆ ತಂದಿದ್ದರು. ಒಂದೆರಡು ದಿನ ಶಬ್ದ ಬರಲಿಲ್ಲ. ನಾನೂ ಪರೀಕ್ಷೆಯ ಗಡಿಬಿಡಿಯಲ್ಲಿದ್ದೆ.

ಆ ದಿನ ಬೆಳಿಗ್ಗೆ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕುಳಿತಿದ್ದಾಗ ಅವಳ ವಾಯ್ಸ್ ಮೆಸೇಜ್ ಬಂತು. ಕಿವಿಗೆ ಹಿಡಿದೆ. “ಅಕ್ಕಾ, ಇವತ್ತ ನನಗ ಮಬಲ್‌ಫಬಲ್ಸ್” ಎಂದಿದ್ದಳು, ಅಷ್ಟೇ. ಆದರೆ ಆ ದನಿ ಅವಳದಾಗಿರಲಿಲ್ಲ. ಬಾಯಲ್ಲಿ ಏನೋ ಬಿಸಿಯಾದದ್ದು ಇಟ್ಟುಕೊಂಡು, ಅದು ನಾಲಿಗೆಗೆ ತಾಗದ ಹಾಗೆ ಮಾತಾಡಿದಂತಿತ್ತು. ಅಕ್ಷರಗಳೆಲ್ಲ ದಪ್ಪಗಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು.

ಫೋನ್ ಮಾಡಿದೆ. ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಬರಹ ಬಂತು: ಮಾತಾಡಿದರೆ ನೋವಾಗುತ್ತದೆ, ಎಲ್ಲ ಮೆಣಸಿನಕಾಯಿ ಘಾಟು, ಸಂಜೆಗೆ ಕಡಿಮೆಯಾಗುತ್ತದೆ, ಅವ್ವನಿಗೆ ಹೇಳಬೇಡ. ಎಷ್ಟು ಬಾಯಿ ತೆರೆಯಲು ಬರುತ್ತದೆ ಎಂದು ಕೇಳಿದೆ. ಅದಕ್ಕೆ ಉತ್ತರ ಬರಲಿಲ್ಲ. ಗಂಟೆ ಹೊಡೆಯಿತು, ಕ್ಲಾಸಿಗೆ ಹೋದೆ. ಹಲಗೆಯ ಮೇಲೆ ಏನೋ ಬರೆಯುತ್ತ ನಿಂತವಳಿಗೆ ಮುಂದಿನ ಅಕ್ಷರ ಯಾವುದೆಂದು ಹೊಳೆಯಲಿಲ್ಲ. ಮಕ್ಕಳು ಸುಮ್ಮನೆ ನೋಡುತ್ತಿದ್ದರು. ಆರಾಮ ಇಲ್ಲ ಎಂದು ಹೇಳಿ ಹೊರಬಂದು, ರಜೆ ಬರೆದುಕೊಟ್ಟು ಬಸ್‌ಸ್ಟ್ಯಾಂಡಿಗೆ ನಡೆದೆ. ಮೀಟಿಂಗ್ ಇದೆ, ಬರುವುದು ತಡವಾಗುತ್ತದೆ ಎಂದು ಅವ್ವನಿಗೆ ಫೋನಿನಲ್ಲಿ ತಿಳಿಸಿದೆ. ಅವ್ವ ಹೂಂ ಅಂದಳು. ಮರುಕ್ಷಣ, ನಿನ್ನ ದನಿ ಯಾಕ ಹಿಂಗೈತಿ ಎಂದು ಕೇಳಿದಳು. ಬಸ್ಸಿನ ಸದ್ದು ಎಂದೆ.

ಬ್ಯಾಡಗಿಗೆ ಹೋಗುವ ಬಸ್ಸು ಹೆದ್ದಾರಿ ಬಿಟ್ಟು ಒಳರಸ್ತೆಗೆ ತಿರುಗಿದ ಕೂಡಲೇ ಎಲ್ಲರೂ ಕರವಸ್ತ್ರ, ಸೆರಗು ಮೂಗಿಗೆ ಹಿಡಿದರು. ಅಂದು ಸಂತೆಯ ದಿನದಂಥ ಗದ್ದಲ. ಮಾಲು ತುಂಬಿದ ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ನನ್ನ ಮನಸ್ಸು ಎರಡಾಗಿ ಮಾತಾಡುತ್ತಿತ್ತು. ಇಷ್ಟು ಘಾಟಿನಲ್ಲಿ ಯಾರ ಗಂಟಲಾದರೂ ಕೆಡುತ್ತದೆ, ನೀನು ಯಾವುದೋ ಹಳೆಯ ಪುಸ್ತಕದ ಶಬ್ದ ಹಿಡಿದುಕೊಂಡು ಓಡಿ ಬಂದಿದ್ದೀ, ಆ ರೋಗ ಈಗ ಇದೆಯೋ ಇಲ್ಲವೋ ಎಂದು ಒಂದು ಹೇಳುತ್ತಿತ್ತು. ಇನ್ನೊಂದು ಏನೂ ಹೇಳುತ್ತಿರಲಿಲ್ಲ, ಆ ದನಿಯನ್ನು ಮತ್ತೆ ಮತ್ತೆ ಕೇಳಿಸುತ್ತಿತ್ತು.

ಮನೆಗೆ ಹೋದಾಗ ತಂಗಿ ಪಡಸಾಲೆಯ ದಿವಾನದ ಮೇಲೆ ಕುಳಿತಿದ್ದಳು. ಮಲಗಿರಲಿಲ್ಲ, ಒರಗಿಯೂ ಇರಲಿಲ್ಲ. ಮುಂದಕ್ಕೆ ಬಾಗಿ, ಕುತ್ತಿಗೆಯನ್ನು ಒಂದು ಬದಿಗೆ ವಾಲಿಸಿ, ಎರಡೂ ಕೈ ಊರಿ ಕುಳಿತಿದ್ದಳು. ಮಡಿಲಲ್ಲಿ ಒಂದು ಬಟ್ಟಲು. ಉಗುಳು ನುಂಗಲು ಬಾರದೆ ಬಾಯಿಯ ಅಂಚಿನಿಂದ ಬಟ್ಟಲಿಗೆ ಇಳಿಯುತ್ತಿತ್ತು. ನನ್ನನ್ನು ನೋಡಿದ ಕೂಡಲೇ ಕಣ್ಣು ತುಂಬಿಕೊಂಡಳು.

ಅವಳ ಅತ್ತೆ ಅರಿಶಿನ ಹಾಕಿದ ಹಾಲಿನ ಲೋಟ ಹಿಡಿದು ಪಕ್ಕದಲ್ಲಿ ನಿಂತಿದ್ದರು. ಬೆಳಗಿನಿಂದ ಒಂದು ಗುಟುಕೂ ಇಳಿದಿಲ್ಲವೆಂದರು. ಉಪ್ಪು ನೀರು ಮುಕ್ಕಳಿಸಲು ಕೊಟ್ಟರೆ ಅದನ್ನೂ ಬಾಯಿಗೆ ತೆಗೆದುಕೊಳ್ಳಲು ಆಗಲಿಲ್ಲವಂತೆ. ಗುಳಿಗೆ ಪುಡಿ ಮಾಡಿ ಕೊಟ್ಟರೆ ಮೂಗಿನಿಂದ ಬಂತಂತೆ.

“ಈ ಊರಾಗ ಈ ದಿನದಾಗ ಯಾರ ಗಂಟಲು ಚಲೋ ಇರ್ತಾವ ಹೇಳ್ರಿ,” ಎಂದರು. ಆದರೆ ಅವರ ದನಿಯಲ್ಲಿ ಎಂದಿನ ಗಟ್ಟಿತನ ಇರಲಿಲ್ಲ.

ನಾನು ತಂಗಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಬಾಯಿ ತೆರೆಯಲು ಹೇಳಿದೆ. ಒಂದು ಬೆರಳು ಹೋಗುವಷ್ಟೂ ತೆರೆಯಲಿಲ್ಲ. ತೆರೆಯಲು ಹೋಗಿ ಕಿವಿಯನ್ನು ಒತ್ತಿ ಹಿಡಿದುಕೊಂಡಳು. ಬಲಗಡೆ ದವಡೆಯ ಕೆಳಗೆ ಊದಿಕೊಂಡಿತ್ತು. ಮುಟ್ಟಿದರೆ ಬೆಂಕಿ. ಉಸಿರು ಎಳೆಯುವಾಗ ಒಳಗಿನಿಂದ ಸಣ್ಣ ಗೊರಗೊರ. ನಿಘಂಟಿನ ಆ ನಾಲ್ಕು ಸಾಲು ಒಂದೊಂದಾಗಿ ನನ್ನ ಕಣ್ಣೆದುರು ನಿಂತವು. ಅದರ ಹೆಸರನ್ನು ಮಾತ್ರ ನಾನು ಬಾಯಿಗೆ ತರಲಿಲ್ಲ. ಹೇಳಿದರೆ ಅದೇ ಆಗಿಬಿಡುತ್ತದೆ ಎಂಬ ಭಯ.

ತಂಗಿಯ ಗಂಡನಿಗೆ ಫೋನ್ ಮಾಡಿದೆ. ಮಾಲಿಗೆ ಬೆಲೆ ಕಟ್ಟುವ ಟೆಂಡರಿನ ಹೊತ್ತು, ಮಾರುಕಟ್ಟೆಯ ಗಲಾಟೆಯಲ್ಲಿ ಅವನಿಗೆ ಕೇಳಲಿಲ್ಲ. ಗುಳಿಗೆ ಕೊಟ್ಟ ಡಾಕ್ಟರು ಸಂಜೆಯ ಹೊತ್ತಿಗೇ ಬರುವುದು. ಹಾವೇರಿಯಲ್ಲಿ ಕಿವಿ, ಮೂಗು, ಗಂಟಲಿನ ಡಾಕ್ಟರೊಬ್ಬರಿದ್ದಾರೆ, ಈಗಲೇ ಹೋಗೋಣ ಎಂದೆ. ಮಗ ಬರಲಿ, ಸ್ವಂತ ಕಾರಿನಲ್ಲಿ ಹೋದರಾಯಿತು, ಇಂಥ ಬಿಸಿಲಿನಲ್ಲಿ ಯಾಕೆ ಎಂದರು ಅತ್ತೆ. ಅವರಿಗೆ ನಾನು ಹೇಗೆ ತಿಳಿಸಿ ಹೇಳಬೇಕಿತ್ತು? ಪುಸ್ತಕದಲ್ಲಿ ಓದಿದ್ದೇನೆ ಎಂದೇ?

“ಅತ್ತಿಯಾರ, ನನಗ ಭಾಳ ಹೆದರಿಕಿ ಆಗಾಕತ್ತೇತಿ,” ಎಂದೆ. “ನಮ್ಮ ಅವ್ವನ ಅಣ್ಣ ಸಣ್ಣಾವಿದ್ದಾಗ ಹಿಂಗ ದನಿ ಬಿದ್ದು, ಹಾವೇರಿ ಮುಟ್ಟೂದರಾಗ ಹೋದನಂತ.”

ಅವರು ಹಾಲಿನ ಲೋಟವನ್ನು ಟಿವಿಯ ಮೇಜಿನ ಮೇಲಿಟ್ಟರು. ಒಳಗೆ ಹೋಗಿ ಎರಡು ಟವೆಲ್ ತಂದರು, ಚಪ್ಪಲಿ ಮೆಟ್ಟಿದರು.

“ನಾನೂ ಬರ್ತೇನಿ, ನಡ್ರಿ.”

ಬಾಡಿಗೆ ಕಾರು ಸಿಕ್ಕಿತು. ಹಿಂದಿನ ಸೀಟಿನಲ್ಲಿ ತಂಗಿಯನ್ನು ನಡುವೆ ಕೂರಿಸಿಕೊಂಡು ನಾವಿಬ್ಬರೂ ಎರಡು ಬದಿಗೆ ಕುಳಿತೆವು. ಕಿಟಕಿ ಮುಚ್ಚಿದರೂ ಘಾಟು ಒಳಗೆ ಬರುತ್ತಿತ್ತು. ಅವಳು ಕೆಮ್ಮಬಾರದು, ಕೆಮ್ಮಿದರೆ ಉಸಿರು ಸಿಕ್ಕಿಕೊಳ್ಳುತ್ತದೆ ಎಂಬುದೊಂದೇ ನನ್ನ ಚಿಂತೆ. ಒದ್ದೆ ಟವೆಲನ್ನು ಅವಳ ಮೂಗಿನ ಮುಂದೆ ಹಿಡಿದಿದ್ದೆ. ಅತ್ತೆ ಬಟ್ಟಲು ಹಿಡಿದಿದ್ದರು. ಸೊಸೆಯ ಗದ್ದವನ್ನು ಸೆರಗಿನಿಂದ ಒರೆಸುತ್ತಿದ್ದರು, ಮತ್ತೆ ಬಟ್ಟಲು ಹಿಡಿಯುತ್ತಿದ್ದರು.

ಊರ ಹೊರಗೆ ದಾಟುವ ಮುನ್ನವೇ ಕಾರು ನಿಂತಿತು. ಎದುರಿಗೆ ಎರಡು ಲಾರಿ ಒಂದಕ್ಕೊಂದು ಮುಖ ಕೊಟ್ಟು ಸಿಕ್ಕಿಕೊಂಡಿದ್ದವು. ಹಿಂದೆ ಟ್ರ್ಯಾಕ್ಟರುಗಳು, ಟೆಂಪೋಗಳು. ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ಎಲ್ಲರೂ ಹಾರ್ನ್ ಬಾರಿಸುತ್ತಿದ್ದರು. ತಂಗಿ ನನ್ನ ಮಣಿಕಟ್ಟು ಹಿಡಿದಿದ್ದಳು. ಉಸಿರಿನ ಗೊರಗೊರ ಈಗ ಕಾರಿನೊಳಗೆ ಚೆನ್ನಾಗಿ ಕೇಳುತ್ತಿತ್ತು. ಕರ್ಜಗಿಯ ಚಕ್ಕಡಿ ನೆನಪಾಯಿತು. ನಾನು ನೋಡದ ಆ ಚಕ್ಕಡಿಯಲ್ಲಿ ನಾನೇ ಕುಳಿತಿದ್ದೇನೆ ಅನ್ನಿಸಿತು. ಬಾಗಿಲು ತೆರೆದು ಇಳಿದು ಓಡಬೇಕು ಅನ್ನಿಸುತ್ತಿತ್ತು. ಎಲ್ಲಿಗೆ ಓಡುವುದು?

ಅತ್ತೆ ಬಟ್ಟಲನ್ನು ನನ್ನ ಕೈಗೆ ಕೊಟ್ಟು ಇಳಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಲಾರಿಗಳ ನಡುವೆ ನಡೆದು ಹೋದರು. ಅವರ ದನಿ ಮುಚ್ಚಿದ ಗಾಜಿನೊಳಗೂ ಕೇಳಿತು. ನಮ್ಮ ಸೊಸಿಗೆ ಉಸರು ಕಟ್ಟೇತಿ, ಗಾಡಿ ತಗೀರಿ ಎಂದು ಕೂಗುತ್ತಿದ್ದರು. ಮಾರುಕಟ್ಟೆಯ ಹಮಾಲರಿಗೆ, ಚಾಲಕರಿಗೆ ಅವರ ಮುಖ ಪರಿಚಯವಿತ್ತು. ನಾಲ್ಕಾರು ಜನ ಹಮಾಲರು ಓಡಿ ಬಂದು ಒಂದು ಲಾರಿಯನ್ನು ಹಿಂದಕ್ಕೆ ಸರಿಸಿದರು, ರಸ್ತೆಯಂಚಿನಲ್ಲಿ ಒಟ್ಟಿದ್ದ ಚೀಲಗಳನ್ನು ಹೊತ್ತು ಪಕ್ಕಕ್ಕೆ ಹಾಕಿದರು. ಕಾರು ದಾಟುವಷ್ಟು ಜಾಗವಾಯಿತು. ಅತ್ತೆ ಕೆಮ್ಮುತ್ತ, ಕಣ್ಣು ಮೂಗಿನಲ್ಲಿ ನೀರು ಸುರಿಸುತ್ತ ಬಂದು ಕುಳಿತರು. ಬಟ್ಟಲನ್ನು ಮತ್ತೆ ತೆಗೆದುಕೊಂಡರು.

ಮೋಟೆಬೆನ್ನೂರು ದಾಟಿ ಹೆದ್ದಾರಿಗೆ ಬಂದ ಮೇಲೆ ಕಾರು ಓಡಿತು. ತಂಗಿ ನನ್ನ ಫೋನ್ ತೆಗೆದುಕೊಂಡು ಏನೋ ಬರೆದು ತೋರಿಸಿದಳು. ‘ಲ್ಯಾಟಿಬ್ಯುಲೇಟ್’ ಎಂದು ಇತ್ತು. ಮೂಲೆಯೊಂದರಲ್ಲಿ ಹೋಗಿ ಅಡಗಿಕೊಳ್ಳುವುದು ಎಂದು ಅದರ ಅರ್ಥ. ಚಿಕ್ಕವಳಿದ್ದಾಗ ಸೂಜಿ ಚುಚ್ಚುವ ನರ್ಸ್ ಬಂದರೆ ಮಂಚದ ಕೆಳಗೆ ಸೇರಿಕೊಂಡು ಕೂಗುತ್ತಿದ್ದ ಶಬ್ದ ಅದು. ಅವಳೂ ನನ್ನಷ್ಟೇ ಹೆದರಿದ್ದಾಳೆಂದು ನನಗೆ ಆಗ ತಿಳಿಯಿತು. ಅವಳ ತಲೆಯನ್ನು ನನ್ನ ಹೆಗಲಿಗೆ ಒತ್ತಿಕೊಂಡೆ. ಒರಗಿದರೆ ಉಸಿರಾಡಲು ಕಷ್ಟವಾಯಿತೋ ಏನೋ, ಕೂಡಲೇ ಸೆಟೆದು ಕುಳಿತಳು. ಹಾವೇರಿಯ ಮೊದಲ ಮನೆಗಳು ಕಾಣಿಸುವವರೆಗೆ ಅವಳ ಎದೆ ಏರಿಳಿಯುವುದನ್ನೇ ನೋಡುತ್ತಿದ್ದೆ. ಏರಿದಾಗ ನಾನು ಉಸಿರೆಳೆದುಕೊಂಡೆ, ಇಳಿದಾಗ ಬಿಟ್ಟೆ.

ಆಸ್ಪತ್ರೆಯಲ್ಲಿ ಜನ ತುಂಬಿದ್ದರು. ಚೀಟಿ ಬರೆಯುವ ಹೆಣ್ಣುಮಗಳು ತಲೆಯೆತ್ತಿ ತಂಗಿಯನ್ನು ನೋಡಿದಳು, ಹೆಸರು ಕೂಡ ಕೇಳದೆ ಒಳಗೆ ಕಳಿಸಿದಳು. ಡಾಕ್ಟರು ಹಿರಿಯರು, ತಲೆ ಪೂರ್ತಿ ಬೆಳ್ಳಗಾದವರು. ಹಣೆಗೆ ದೀಪ ಕಟ್ಟಿಕೊಂಡು ತಂಗಿಯ ತುಟಿಗಳ ನಡುವೆ ತೆಳ್ಳನೆಯ ಪಟ್ಟಿ ತೂರಿಸಿ ಸ್ವಲ್ಪ ಸ್ವಲ್ಪವೇ ಬಾಯಿ ಬಿಡಿಸಿ ನೋಡಿದರು. ಕಿರುನಾಲಿಗೆ ಒಂದು ಬದಿಗೆ ತಳ್ಳಿಹೋಗಿತ್ತು, ನನಗೂ ತೋರಿಸಿದರು. ಆಮೇಲೆ ನರ್ಸಿಗೆ ಸಾಮಾನು ತರಲು ಹೇಳಿ, ನನ್ನ ಕಡೆ ತಿರುಗಿ ಬಹಳ ಸಾದಾ ದನಿಯಲ್ಲಿ ಅಂದರು:

“ಕ್ವಿನ್ಸಿ ಆಗೇತಿ. ಈಗಿನವರು ಇದಕ್ಕ ಉದ್ದನ್ನ ಹೆಸರು ಹೇಳ್ತಾರ, ನಮಗ ಹಳೇದ ರೂಢಿ.”

ಒಬ್ಬರ ಬಾಯಿಂದ ಆ ಶಬ್ದ ಹೊರಬಿದ್ದದ್ದನ್ನು ನಾನು ಜೀವಮಾನದಲ್ಲಿ ಅದೇ ಮೊದಲು ಕೇಳಿದ್ದು. ಅವ್ವ ಅದನ್ನು ಓದಿ ಹೇಳಿರಲಿಲ್ಲ. ನಾನು ಮನಸ್ಸಿನಲ್ಲಿ ಮಾತ್ರ ಓದಿಕೊಂಡಿದ್ದೆ. ಗೋಡೆಯ ಪಕ್ಕದ ಸ್ಟೂಲಿನ ಮೇಲೆ ಕುಳಿತೆ.

“ಇದರಿಂದ ಸಾಯ್ತಾರೇನ್ರಿ?” ಎಂದು ಕೇಳಿದೆ. ತಂಗಿ ಅಲ್ಲೇ ಇದ್ದಾಳೆ, ಕೇಳಿಸಿಕೊಳ್ಳುತ್ತಾಳೆ ಎಂಬ ಎಚ್ಚರವೂ ಇರಲಿಲ್ಲ.

“ಹಿಂದಕ ಸಾಯ್ತಿದ್ರು,” ಎಂದರು ಅವರು ಕೈಗವಸು ಹಾಕಿಕೊಳ್ಳುತ್ತ. “ಈಗ ಸೂಜಿ ಐತಿ, ಔಷಧ ಐತಿ. ತಡಾ ಮಾಡಬಾರದು, ಅಷ್ಟ. ನೀವು ಹೊರಗ ಕುಂದ್ರಿ.”

ಹೊರಗಿನ ಬೆಂಚಿನ ಮೇಲೆ ನಾನೂ ತಂಗಿಯ ಅತ್ತೆಯೂ ಕುಳಿತೆವು. ಒಳಗೆ ಏನು ಮಾಡುತ್ತಾರೆಂದು ನರ್ಸ್ ಹೇಳಿದ್ದಳು. ಗಂಟಲು ಮರಗಟ್ಟುವ ಔಷಧ ಹೊಡೆದು, ಸೂಜಿ ಚುಚ್ಚಿ ಕೀವು ಎಳೆಯುತ್ತಾರೆ. ತಂಗಿ ಎಚ್ಚರವಾಗಿಯೇ ಇರಬೇಕು. ಸೂಜಿಗೆ ಮಂಚದ ಕೆಳಗೆ ಅಡಗುತ್ತಿದ್ದವಳು. ನಾನು ಕಿವಿ ಮುಚ್ಚಿಕೊಳ್ಳಬೇಕೆಂದುಕೊಂಡೆ, ಆಗಲಿಲ್ಲ. ಒಳಗಿನಿಂದ ಒಂದು ಕೂಗು ಬಂತು. ಅರ್ಧಕ್ಕೆ ನಿಂತಿತು. ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ ಹೊತ್ತಿನಲ್ಲಿ ನಾನು ಹೆದರಿದಷ್ಟು ಹಿಂದೆಂದೂ ಹೆದರಿಲ್ಲ. ಬಾಗಿಲಿನ ಹಸಿರು ಪರದೆಯನ್ನು ನೋಡುತ್ತಿದ್ದೆ. ಅದು ಅಲುಗಿದರೆ ಯಾರಾದರೂ ಹೊರಬಂದು ಏನಾದರೂ ಹೇಳುತ್ತಾರೆ. ಅಲುಗದಿದ್ದರೆ ಹೇಳುವಂಥದು ಏನೂ ಆಗಿಲ್ಲ. ಅಲುಗದಿರಲಿ ಎಂದೂ ಅನ್ನಿಸುತ್ತಿತ್ತು, ಬೇಗ ಅಲುಗಲಿ ಎಂದೂ ಅನ್ನಿಸುತ್ತಿತ್ತು. ತಂಗಿಯ ಅತ್ತೆ ಖಾಲಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಕುಳಿತಿದ್ದರು.

ಪರದೆ ಸರಿಸಿ ನರ್ಸ್ ಕರೆದಳು. ಒಳಗೆ ಕೆಟ್ಟ ವಾಸನೆ ತುಂಬಿತ್ತು. ತಂಗಿ ಕುರ್ಚಿಯಲ್ಲಿ ಒರಗಿದ್ದಳು. ಬೆಳಗಿನಿಂದ ಅವಳು ಒರಗಿದ್ದು ಅದೇ ಮೊದಲು. ಮುಖ ಬಿಳಚಿಕೊಂಡಿತ್ತು, ಗದ್ದದ ಮೇಲೆ ರಕ್ತದ ಗೆರೆ. ಡಾಕ್ಟರು ಒಂದು ಲೋಟ ನೀರು ಕೊಟ್ಟರು. ಅವಳು ಹೆದರಿ ಹೆದರಿ ತುಟಿಗೆ ತಾಗಿಸಿದಳು. ಒಂದು ಗುಟುಕು ಇಳಿಯಿತು. ಇನ್ನೊಂದು. ಅವಳ ಗಂಟಲು ಮೇಲೆ ಕೆಳಗೆ ಆಡುವುದನ್ನು ನಾವೆಲ್ಲ ನಿಂತು ನೋಡಿದೆವು. ಅತ್ತೆ ಗೋಡೆಯ ಕಡೆ ತಿರುಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಇನ್ನೊಂದು ದಿನ ಬಿಟ್ಟಿದ್ದರೆ ಕೀವು ಕುತ್ತಿಗೆಯೊಳಗೆ ಇಳಿಯುತ್ತಿತ್ತು, ಹುಬ್ಬಳ್ಳಿಗೆ ಕಳಿಸಬೇಕಾಗುತ್ತಿತ್ತು, ಆಗ ಏನಾಗುತ್ತಿತ್ತೋ ಹೇಳಲು ಬರುವುದಿಲ್ಲ ಎಂದು ಡಾಕ್ಟರು ಹೇಳಿದರು. ಔಷಧ ನರದ ಮೂಲಕ ಹೋಗಬೇಕು, ದಾಖಲಾಗಬೇಕು ಎಂದರು. ಸಂಜೆಗೆ ತಂಗಿಯ ಗಂಡ ಬಂದ. ಅಂಗಿಯ ತುಂಬ ಮೆಣಸಿನ ಧೂಳು. ವಾರ್ಡಿನ ಬಾಗಿಲಲ್ಲಿ ನಿಂತು, ಈ ಅಂಗಿಯಲ್ಲಿ ಒಳಗೆ ಬರಬಹುದೋ ಇಲ್ಲವೋ ಎಂದು ನೋಡಿ, ಅಲ್ಲೇ ಉಳಿದ. “ಅಕ್ಕಾರ, ಫೋನ್ ಕೇಳಲಿಲ್ರಿ” ಎಂದು ಅಷ್ಟು ಹೇಳುವುದರೊಳಗೆ ಅವನ ದನಿ ಒಡೆಯಿತು. ಹೋಗಿ ಹೊಸ ಅಂಗಿ ತೊಟ್ಟುಕೊಂಡು ಬಾ ಎಂದು ಅವನ ತಾಯಿ ಕಳಿಸಿದರು.

ಅವ್ವನಿಗೆ ಫೋನ್ ಮಾಡಿ, ತಂಗಿಗೆ ಸ್ವಲ್ಪ ಗಂಟಲು ನೋವಿತ್ತು, ಹಾವೇರಿಯಲ್ಲಿ ತೋರಿಸಿದ್ದೇವೆ, ಈಗ ಆರಾಮ ಎಂದೆ. ಮರುದಿನ ಬೆಳಿಗ್ಗೆ ನಾನು ಚಹಾ ತರಲು ಹೋಗಿ ಬರುವಷ್ಟರಲ್ಲಿ ವಾರ್ಡಿನಲ್ಲಿ ತಂಗಿಯ ಕಾಲ ಬಳಿ ಅವ್ವ ಕುಳಿತಿದ್ದಳು. ಮೊದಲ ಬಸ್ಸಿಗೇ ಬಂದಿದ್ದಳು. ತಂಗಿ ನಗುತ್ತ, ಯಾಕ ಬಂದಿ ಅವ್ವಾ, ನನಗೇನೂ ಆಗಿಲ್ಲ ಎನ್ನುತ್ತಿದ್ದಳು.

“ಇನ್ನೊಮ್ಮೆ ಮಾತಾಡು,” ಎಂದಳು ಅವ್ವ.

“ಏನ ಮಾತಾಡ್ಲಿ?”

“ಏನರೆ. ಸುಮ್ನ ಮಾತಾಡು.”

ತಂಗಿ ಮಾತಾಡಿದಳು. ಆಸ್ಪತ್ರೆಯ ಇಡ್ಲಿ ಚಲೋ ಇಲ್ಲ ಎಂದಳು, ಪಕ್ಕದ ಮಂಚದ ಅಜ್ಜಿಯ ಗೊರಕೆಯ ಬಗ್ಗೆ ಹೇಳಿದಳು. ಅವ್ವ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಮಾತಿನ ಅರ್ಥ ಅವಳ ಕಿವಿಗೆ ಬೀಳುತ್ತಿರಲಿಲ್ಲ. ದನಿಯನ್ನಷ್ಟೇ ಪರೀಕ್ಷಿಸುತ್ತಿದ್ದಳು. ಬಹಳ ಹೊತ್ತಿನ ಮೇಲೆ ಸಾಕು ಎಂದಳು.

ಡಾಕ್ಟರು ಬಂದಾಗ ಅವ್ವ ಎದ್ದು ನಿಂತು ತನ್ನ ಅಣ್ಣನ ವಿಷಯ ಕೇಳಿದಳು. ಗಂಟಲಮಾರಿಯೋ, ಇದೋ? ಇಷ್ಟು ವರ್ಷದ ಮೇಲೆ ಅದನ್ನು ಯಾರೂ ಹೇಳಲಾರರು ಎಂದರು ಅವರು. ಎರಡರಲ್ಲೂ ಗಂಟಲು ಕಟ್ಟುತ್ತದೆ, ಅಂದಿನ ಹಳ್ಳಿಯಲ್ಲಿ ಎರಡಕ್ಕೂ ಔಷಧ ಸಿಗುತ್ತಿರಲಿಲ್ಲ. ಅವ್ವ ತಲೆಯಾಡಿಸಿದಳು. ತಂಗಿಯ ಅತ್ತೆ ಅವ್ವನನ್ನು ಹೊರಗೆ ಕರೆದುಕೊಂಡು ಹೋಗಿ ಕಟ್ಟೆಯ ಮೇಲೆ ಕೂರಿಸಿದರು. ಹೋಗಿ ನೋಡಿದರೆ ಅವ್ವ ಕರ್ಜಗಿಯ ಮನೆಯನ್ನು ವಿವರಿಸುತ್ತಿದ್ದಳು, ಅವರು ಕೇಳುತ್ತಿದ್ದರು.

ಬಾವು ಇಳಿದು ತಂಗಿ ಮನೆಗೆ ಹೋದಳು. ಒಮ್ಮೆ ಬಂದದ್ದು ಮತ್ತೆ ಬರಬಹುದು, ಟಾನ್ಸಿಲ್ ತೆಗೆಸಿಬಿಡಿ ಎಂದಿದ್ದರು ಡಾಕ್ಟರು. ಬೇಸಿಗೆಯಲ್ಲಿ ಅದೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಈ ಸಲ ತಂಗಿ ಹೆದರಲಿಲ್ಲ, ಕೈಬೀಸಿ ಒಳಗೆ ಹೋದಳು. ನನಗೆ ಮಾತ್ರ ಹೆದರಿಕೆ ಕಡಿಮೆಯಾಗಿರಲಿಲ್ಲ. ಎಲ್ಲ ಸುಸೂತ್ರ ಮುಗಿಯಿತು, ಎಚ್ಚರವಾಗಿದೆ, ಬಂದು ನೋಡಿ ಎಂದು ನರ್ಸ್ ಕರೆದಾಗ ಎಲ್ಲರೂ ಎದ್ದು ಹೋದರು. ನನಗೆ ಏಳಲಾಗಲಿಲ್ಲ. ತಂಗಿಯ ಅತ್ತೆ ಬಾಗಿಲವರೆಗೆ ಹೋದವರು ತಿರುಗಿ ಬಂದರು, ನನ್ನ ಪಕ್ಕದಲ್ಲಿ ಕುಳಿತರು, ಅವಸರ ಮಾಡಲಿಲ್ಲ. ಮಗನನ್ನು ಐಸ್‌ಕ್ರೀಮ್ ತರಲು ಅಟ್ಟಿದ್ದೇನೆ, ಡಾಕ್ಟರೇ ಕೊಡಲು ಹೇಳಿದ್ದಾರೆ, ಯಾವ ಬಣ್ಣದ್ದು ತರಬೇಕೆಂದು ಅವನು ಎರಡು ಸಲ ಫೋನ್ ಮಾಡಿದ ಎಂದು ಹೇಳುತ್ತಿದ್ದರು. ಹೇಳುತ್ತಲೇ ನನ್ನ ಕೈಯನ್ನು ತಮ್ಮ ಮಡಿಲಿಗೆ ತೆಗೆದುಕೊಂಡು ಬೆರಳುಗಳನ್ನು ಒಂದೊಂದಾಗಿ ಒತ್ತಿದರು. ಅವು ಬೆಚ್ಚಗಾದ ಮೇಲೆ ನಾವಿಬ್ಬರೂ ಎದ್ದು ಒಳಗೆ ಹೋದೆವು.